ಹೆದರಿಕೆ ಆಗ್ತದೆ, ಅರ್ಥ ಆಗ್ತಿಲ್ಲ: ತಲೆ ಕೆಡಿಸುವ ಹಾರರ್ ಕಾದಂಬರಿ ಓದುವುದು ಹೇಗೆ?

ನಮ್ಮ ಉತ್ತರ ಕನ್ನಡ ಜಿಲ್ಲೆ ಕಡೆ ಹೇಳುವ ಹೆದರಿಕೆಯ ಕಥೆಗಳಲ್ಲಿ ಗೊಂದಲ ಇರುವುದಿಲ್ಲ. ಶಿರಸಿ ಕಡೆಯ ಅಜ್ಜಿಯರನ್ನು ಕೇಳಿದರೆ ಚೌಡಿ ಯಾವ ಮರದ ಬುಡದಲ್ಲಿ ಇದ್ದಾಳೆ, ಯಾರ ಮೇಲೆ ಯಾಕೆ ಸಿಟ್ಟಾದಳು, ಏನು ಕೊಟ್ಟ ಮೇಲೆ ಶಾಂತಳಾದಳು ಅಂತ ಒಂದೂ ಬಿಡದೆ ಹೇಳುತ್ತಾರೆ. (ಚೌಡಿಯನ್ನು ದೆವ್ವ ಅನ್ನಬೇಡಿ, ಅವಳಿಗೆ ಪೂಜೆ ಇದೆ. ಅಜ್ಜಿ ಬೈಯುತ್ತಾರೆ.) ಘಟ್ಟ ಇಳಿದರೆ ಜಟಕನ ಕಥೆ, ಗದ್ದೆ ಬಯಲಿನ ಕೊಳ್ಳಿದೆವ್ವದ ಕಥೆ. ಕೇಳಿ, ಹೆದರಿ, ಕಂಬಳಿ ಮುಸುಕು ಹಾಕಿಕೊಂಡು ಮಲಗಿದರಾಯಿತು. "ಹಾಗಾದರೆ ಅಲ್ಲಿ ನಿಜವಾಗಿ ಆಗಿದ್ದೇನು?" ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ.

ಹದಿಹರೆಯದವರಿಗೆ ಅಂತ ಈಗ ಬರುವ ಹಾರರ್ ಕಾದಂಬರಿಗಳಲ್ಲಿ ಎಷ್ಟೋ ಹಾಗಿಲ್ಲ. ಮೂರನೇ ಅಧ್ಯಾಯದಲ್ಲಿ ಸತ್ತವಳು ನಾಲ್ಕನೇ ಅಧ್ಯಾಯದಲ್ಲಿ ತಿಂಡಿ ತಿನ್ನುತ್ತಾಳೆ. ಕಥೆ ಹೇಳುತ್ತಿದ್ದ ಹುಡುಗನ ಹೆಸರು ಅರ್ಧ ದಾರಿಯಲ್ಲಿ ಬದಲಾಗುತ್ತದೆ. ಕಾರವಾರದಲ್ಲಿ ಪಿಯುಸಿ ಓದುವ ನನ್ನ ಅಣ್ಣನ ಮಗಳು ಫೋನ್ ಮಾಡಿ, "ಅತ್ತೆ, ಪುಸ್ತಕ ಮುಗೀತು. ಹೆದರಿಕೆನೂ ಆಯ್ತು. ಆದ್ರೆ ಸತ್ತಿದ್ದು ಯಾರು ಅಂತಾನೇ ಗೊತ್ತಾಗ್ಲಿಲ್ಲ" ಅಂದಳು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇಂಥ ಪುಸ್ತಕಗಳಲ್ಲಿ ಗೊಂದಲ ಎರಡು ಬಗೆಯದ್ದು. ಒಂದು, ಬರೆದವರು ಬೇಕಂತಲೇ ಇಟ್ಟಿದ್ದು. ಇನ್ನೊಂದು, ಅವಸರದಲ್ಲಿ ಓದಿಯೋ, ಭಾಷೆ ಅಥವಾ ಊರು ಗೊತ್ತಿಲ್ಲದೆಯೋ ನಾವೇ ಮಾಡಿಕೊಂಡಿದ್ದು. ಎರಡನೆಯದನ್ನು ಆದಷ್ಟು ಕಳೆದುಕೊಳ್ಳಬೇಕು. ಮೊದಲನೆಯದನ್ನು ಹಾಗೇ ಇಟ್ಟುಕೊಳ್ಳಬೇಕು, ಮಜಾ ಇರುವುದೇ ಅಲ್ಲಿ. ಯಾವುದು ಯಾವುದು ಅಂತ ಬೇರೆ ಮಾಡುವುದಕ್ಕೇ ಈ ಹಂತಗಳು.

ಹಂತ 1: ಹೊತ್ತು, ಜಾಗ, ಫೋನ್

ಮಳೆಗಾಲದ ರಾತ್ರಿ, ಹೆಂಚಿನ ಮೇಲೆ ಮಳೆ, ಹೊರಗೆ ಕಪ್ಪೆ ವಟಗುಟ್ಟುವುದು, ಅಷ್ಟರಲ್ಲಿ ಕರೆಂಟ್ ಹೋಗುವುದು. ಹಾರರ್ ಓದಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಜಾಗ ಬೇಕಾ? ಆದರೆ ಗೊಂದಲದ ಪುಸ್ತಕವನ್ನು ಮೊದಲ ದಿನ ಹಗಲಲ್ಲೇ ಶುರು ಮಾಡಿ. ಹೆದರಿಕೊಂಡು ಓದುವಾಗ ಕಣ್ಣು ಸಾಲುಗಳನ್ನು ಹಾರಿಸಿಕೊಂಡು ಹೋಗುತ್ತದೆ. ಸುಳಿವು ಇರುವುದು ಆ ಹಾರಿಸಿದ ಸಾಲಿನಲ್ಲೇ. ಮೊದಲ ಐವತ್ತು ಪುಟ ಹಗಲಲ್ಲಿ ಮುಗಿಸಿ, ಜನ, ಮನೆ, ಊರು ಪರಿಚಯ ಆದ ಮೇಲೆ ಬೇಕಾದರೆ ರಾತ್ರಿಗೆ ಇಟ್ಟುಕೊಳ್ಳಿ.

ಬಸ್ಸಿನಲ್ಲಿ ಓದುವವರಿಗೆ ಒಂದು ಮಾತು. ಕಾರವಾರದಿಂದ ಕುಮಟಾ ತನಕ ತೊಂದರೆ ಇಲ್ಲ. ಅಲ್ಲಿಂದ ಶಿರಸಿಗೆ ಹತ್ತುವ ದೇವಿಮನೆ ಘಟ್ಟದ ತಿರುವುಗಳು ಶುರುವಾದ ಕೂಡಲೇ ಪುಸ್ತಕ ಮುಚ್ಚಿ. ಅಲ್ಲಿ ತಲೆ ತಿರುಗುವುದಕ್ಕೆ ಬರೆದವರು ಕಾರಣರಲ್ಲ.

ಇನ್ನು ಫೋನ್. 'ಕೊನೆಯಲ್ಲಿ ಏನಾಯಿತು' ಅಂತ ಹುಡುಕಬೇಡಿ, ಮುಗಿಯುವ ತನಕವಂತೂ ಬೇಡ. ಒಮ್ಮೆ ಬೇರೆಯವರ ವಿವರಣೆ ತಲೆಗೆ ಹೊಕ್ಕಿತೆಂದರೆ ಆಮೇಲೆ ಪುಸ್ತಕದಲ್ಲಿ ಅದೊಂದೇ ಕಾಣುತ್ತದೆ.

ಹಂತ 2: ಮೂರು ಅಧ್ಯಾಯ ನಿಲ್ಲಿಸದೆ

ಮೊದಲ ಮೂರು ಅಧ್ಯಾಯಗಳನ್ನು ಒಂದೇ ಉಸಿರಿಗೆ ಓದಿ. ಗೊತ್ತಿಲ್ಲದ ಪದ ಬಂದರೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಅರ್ಥವಾಗದಿದ್ದರೂ ಹೋಗಿ. ಬರೆದವರು ಮೊದಲ ಮೂವತ್ತು ಪುಟದಲ್ಲಿ ಓದುವವರನ್ನು ಸ್ವಲ್ಪ ಕತ್ತಲೆಯಲ್ಲಿ ಇಡುವುದು ಸಾಮಾನ್ಯ.

ಒಂದನ್ನು ಮಾತ್ರ ಬಿಡಬೇಡಿ. ಅಧ್ಯಾಯದ ತಲೆಬರಹ, ಅದರ ಕೆಳಗಿನ ತಾರೀಕು, ಅಕ್ಷರದ ಬಗೆ. ಓರೆ ಅಕ್ಷರದಲ್ಲಿ ಇದ್ದರೆ ಹಳೆಯ ಕಾಲದ ಮಾತೋ ಬೇರೆಯವರ ದಿನಚರಿಯೋ ಇರುತ್ತದೆ. 'ಅಕ್ಟೋಬರ್' ಆದ ಮೇಲೆ 'ಜೂನ್' ಬಂತು ಅಂದರೆ ಕಥೆ ಹಿಂದಕ್ಕೆ ಹೋಗಿರಬಹುದು. ಎಷ್ಟೋ ಜನ ತಲೆಬರಹ ಓದುವುದೇ ಇಲ್ಲ. ಸತ್ತವಳು ತಿಂಡಿ ತಿನ್ನುವ ಕಥೆಗಳಲ್ಲಿ ಅರ್ಧದಷ್ಟು ಅಲ್ಲೇ ಬಗೆಹರಿಯುತ್ತವೆ.

ಹಂತ 3: ಒಂದು ಹಾಳೆ ಸಾಕು

ಈಗ ಒಂದು ಹಾಳೆ ತೆಗೆದುಕೊಳ್ಳಿ. ನೋಟ್ಸ್ ತರಹ ಉದ್ದುದ್ದ ಬರೆಯುವುದು ಬೇಡ, ಪರೀಕ್ಷೆ ಅಲ್ಲ ಇದು. ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಕ್ಕೆ 'ಕಣ್ಣಾರೆ ಕಂಡಿದ್ದು', ಬಲಕ್ಕೆ 'ಯಾರೋ ಹೇಳಿದ್ದು'.

'ಮೇಲಿನ ಕೋಣೆಗೆ ಬೀಗ ಇತ್ತು' ಅನ್ನುವುದು ಎಡಕ್ಕೆ. 'ಆ ಕೋಣೆಯಲ್ಲಿ ಒಬ್ಬಳು ಸತ್ತಿದ್ದಳಂತೆ' ಅನ್ನುವುದು ಬಲಕ್ಕೆ, ಹೇಳಿದವರ ಹೆಸರಿನ ಜೊತೆ. ಈ 'ಅಂತೆ' ಇದೆಯಲ್ಲ, ಹಾರರ್ ಕಾದಂಬರಿಯ ಅರ್ಧ ಕಟ್ಟಡ ಅದರ ಮೇಲೇ ನಿಂತಿರುತ್ತದೆ. ಪುಸ್ತಕ ಅರ್ಧ ಆಗುವಷ್ಟರಲ್ಲಿ ಬಲಗಡೆ ತುಂಬಿ ಎಡಗಡೆ ನಾಲ್ಕೇ ಸಾಲು ಇದ್ದರೆ ಒಂದು ವಿಷಯ ತಿಳಿಯಿತು: ಇಲ್ಲಿಯವರೆಗೆ ನಿಜವಾಗಿ ಏನೂ ಆಗಿಲ್ಲ, ಎಲ್ಲ ಬರೀ ಬಾಯಿ ಮಾತು.

ಹಂತ 4: ಮನೆಯ ನಕ್ಷೆ ಬರೆಯಿರಿ

ಇದನ್ನು ಹೆಚ್ಚಿನವರು ಬಿಡುತ್ತಾರೆ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಉಪಯೋಗದ್ದು. ದೆವ್ವದ ಕಾದಂಬರಿಯಲ್ಲಿ ಮನೆಯೂ ಒಂದು ಪಾತ್ರ. ಮೆಟ್ಟಿಲು ಎಲ್ಲಿದೆ, ಯಾರ ಕೋಣೆಯ ಪಕ್ಕ ಯಾರ ಕೋಣೆ, ಕಿಟಕಿಯಿಂದ ಏನು ಕಾಣುತ್ತದೆ ಅಂತ ಗೀಚಿಕೊಳ್ಳಿ.

ನಮಗೆ ಇದು ಇನ್ನೂ ಜಾಸ್ತಿ ಬೇಕು. ಯಾಕೆಂದರೆ ಇಂಗ್ಲಿಷ್ ಕಾದಂಬರಿಯ ಮನೆ ನಮ್ಮ ಮನೆಯ ಹಾಗೆ ಇರುವುದಿಲ್ಲ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲುಮನೆ, ಮೇಲೆ ಅಟ್ಟ ಅಂತ ನಮ್ಮ ತಲೆಯಲ್ಲಿ ಒಂದು ಚಿತ್ರ ಇದೆ. ಅಟ್ಟ ಅವರಲ್ಲೂ ಇದೆ, ಸರಿ. ಆದರೆ ಅಂಥ ಎಷ್ಟೋ ಮನೆಗಳಿಗೆ ನೆಲದ ಕೆಳಗೊಂದು ನೆಲಮಾಳಿಗೆ ಇರುತ್ತದೆ. ಅಲ್ಲಿ ನೀರು ಕಾಯಿಸುವ ಬಾಯ್ಲರ್, ಹಳೆ ಸಾಮಾನು. ಮಳೆಗಾಲದಲ್ಲಿ ಬಾವಿ ನೀರು ಕೈಗೆ ಎಟಕುವಷ್ಟು ಮೇಲೆ ಬರುವ ನಮ್ಮ ಕರಾವಳಿಯಲ್ಲಿ ನೆಲದಡಿ ಕೋಣೆ ಕಟ್ಟುವವರು ಯಾರು? ಹಾಗಾಗಿ 'ಕೆಳಗಿನಿಂದ ಸದ್ದು ಬಂತು' ಅಂತ ಓದಿದಾಗ ನಮ್ಮ ಹುಡುಗರು ಅದನ್ನು ಅಂಗಳದ ಸದ್ದು ಅಂದುಕೊಳ್ಳುತ್ತಾರೆ. ಅಲ್ಲಿಗೆ ಹೆದರಿಕೆ ಕೈತಪ್ಪಿತು.

ಹೊತ್ತಿನದ್ದೂ ಇದೇ ಕಥೆ. 'ನಾಲ್ಕು ಗಂಟೆ, ಆಗಲೇ ಕತ್ತಲು' ಅಂತ ಇದ್ದರೆ ಅದು ಮಾಯೆ ಅಲ್ಲ. ಇಂಗ್ಲೆಂಡಿನಲ್ಲಿ ಡಿಸೆಂಬರ್ ತಿಂಗಳು ಸಂಜೆ ಸುಮಾರು 4ಕ್ಕೇ ಸೂರ್ಯ ಮುಳುಗುತ್ತಾನೆ. ನಮ್ಮಲ್ಲಿ ವರ್ಷವಿಡೀ ಹೆಚ್ಚುಕಮ್ಮಿ 6ರಿಂದ 7ರ ನಡುವೆ. ಇದು ನಾವೇ ಮಾಡಿಕೊಳ್ಳುವ ಗೊಂದಲ. ಪೆನ್ಸಿಲ್ ಚುಕ್ಕೆ ಇಟ್ಟ ಪದಗಳನ್ನು ಈಗ ಹುಡುಕಿ ನೋಡಿದರೆ ಇಂಥವು ಒಂದಷ್ಟು ಸಿಗುತ್ತವೆ.

ಹಂತ 5: ಹೇಳುತ್ತಿರುವವರು ಯಾರು?

ಹಾರರ್ ಕಾದಂಬರಿಗಳಲ್ಲಿ ತುಂಬಾ ಕಡೆ 'ನಾನು' ಅಂತ ಹೇಳುವವರೇ ಕಥೆ ಹೇಳುತ್ತಾರೆ. ನಾವು ಅವರನ್ನು ಸುಮ್ನೆ ನಂಬಿಬಿಡುತ್ತೇವೆ. ನಂಬಬೇಕಾ?

ಶಿರಸಿ, ಹೊನ್ನಾವರ ಕಡೆಯವರಿಗೆ ಯಕ್ಷಗಾನದ ತಾಳಮದ್ದಳೆ ಹೊಸದಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ವಾಲಿವಧೆಯಲ್ಲಿ ವಾಲಿಯ ಅರ್ಥ ಹೇಳುವವರು ವಾಲಿಯ ಪರವೇ ವಾದ ಮಾಡುತ್ತಾರೆ. ಕೇಳುವವರಿಗೆ ಒಂದು ಗಳಿಗೆ ರಾಮನದ್ದೇ ತಪ್ಪು ಅನ್ನಿಸಿಬಿಡುತ್ತದೆ. ರಾಮನ ಅರ್ಥ ಬಂದಾಗ ಅದೂ ಸರಿ ಕಾಣುತ್ತದೆ. ಕಾದಂಬರಿಯ 'ನಾನು' ಕೂಡ ಅಂಥ ಒಬ್ಬ ಅರ್ಥಧಾರಿ. ತನ್ನ ಪಾತ್ರದ ಪರ ಮಾತಾಡುತ್ತಾನೆ. ಕಷ್ಟ ಏನೆಂದರೆ ಇಲ್ಲಿ ಎದುರು ಅರ್ಥ ಹೇಳುವವರು ಯಾರೂ ಇಲ್ಲ. ಆ ಜಾಗದಲ್ಲಿ ನೀವು ಕೂರಬೇಕು.

ಆ 'ನಾನು'ಗೆ ಕೇಳಬೇಕಾದದ್ದು ಇಷ್ಟೇ. ನೀನು ಇದನ್ನು ಯಾವಾಗ ಹೇಳುತ್ತಿದ್ದೀಯ, ಆದ ದಿನವಾ, ವರ್ಷಗಳ ನಂತರವಾ? ಯಾರಿಗೆ ಹೇಳುತ್ತಿದ್ದೀಯ, ಪೊಲೀಸರಿಗಾ, ಗೆಳತಿಗಾ? ನೀನು ನೋಡಿದ್ದನ್ನು ಬೇರೆ ಯಾರಾದರೂ ನೋಡಿದ್ದಾರಾ? ಕೊನೆಯದಕ್ಕೆ ಉದ್ದಕ್ಕೂ 'ಇಲ್ಲ' ಅಂತಲೇ ಉತ್ತರ ಬಂದರೆ ಕಿವಿ ನೆಟ್ಟಗೆ ಮಾಡಿಕೊಳ್ಳಿ.

ಹೇಳುವವರು ಒಬ್ಬರಿಗಿಂತ ಹೆಚ್ಚಿದ್ದರೆ ಯಾರ ಮಾತು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಗುರುತು ಹಾಕಿಕೊಳ್ಳಿ. ಇದು ಹೊಸ ತಂತ್ರ ಏನಲ್ಲ. 1818ರ 'ಫ್ರಾಂಕೆನ್‌ಸ್ಟೈನ್'ನಲ್ಲಿ ಹಡಗಿನಲ್ಲಿ ಹೋಗುವವನೊಬ್ಬನ ಪತ್ರಗಳಿವೆ, ಅದರೊಳಗೆ ವಿಕ್ಟರ್ ಹೇಳುವ ಕಥೆ, ಅದರೊಳಗೆ ಅವನು ಹುಟ್ಟಿಸಿದ ಜೀವಿ ಹೇಳುವ ಕಥೆ. 1897ರ 'ಡ್ರಾಕುಲಾ' ಇಡೀ ಕಾದಂಬರಿಯೇ ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕೆಯ ತುಣುಕುಗಳ ಜೋಡಣೆ. ಇಂದಿನ ಪುಸ್ತಕಗಳಲ್ಲಿ ಆ ಜಾಗಕ್ಕೆ ಚಾಟ್ ಮೆಸೇಜ್, ಆಡಿಯೋ ರೆಕಾರ್ಡಿಂಗ್ ಬಂದಿವೆ, ಅಷ್ಟೇ.

ಹಂತ 6: ಒಂದು ತುಣುಕನ್ನು ಬಿಡಿಸಿ ನೋಡೋಣ

ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ನಾನೇ ಒಂದು ಪ್ಯಾರಾ ಬರೆದಿದ್ದೇನೆ, ಓದಿ. ಶಿರಸಿ ಕಡೆಯ ಹಳೆ ಮನೆ ಅಂದುಕೊಳ್ಳಿ. ಆಯಿ ಅಂದರೆ ಇಲ್ಲಿ ಅಮ್ಮ.

"ಅಜ್ಜಿ ತೀರಿಕೊಂಡ ಮೇಲೆ ಮಾಳಿಗೆಯ ಕೋಣೆಗೆ ಬೀಗ ಹಾಕಿದ್ದೆವು. ಆ ರಾತ್ರಿ ಮಳೆ ಜೋರಿತ್ತು. ಮೇಲಿಂದ ಅಡಕತ್ತರಿಯ ಸದ್ದು ಕೇಳಿತು. ಕಟಕ್. ಸ್ವಲ್ಪ ಬಿಟ್ಟು ಮತ್ತೆ ಕಟಕ್. ತಮ್ಮನನ್ನು ಎಬ್ಬಿಸಿದೆ. ಅವನು ಕಣ್ಣು ಬಿಟ್ಟು ಸುಮ್ಮನೆ ನನ್ನನ್ನೇ ನೋಡಿದ. 'ಕೇಳಿಸ್ತಾ?' ಅಂದೆ. ಅವನು ಮಾತಾಡಲಿಲ್ಲ. ಬೆಳಿಗ್ಗೆ ಆಯಿ, 'ರಾತ್ರಿ ಯಾರ ಹತ್ರ ಮಾತಾಡ್ತಿದ್ದೆ?' ಅಂತ ಕೇಳಿದಳು. ಒಲೆಕಟ್ಟೆಯ ಮೇಲೆ ಎರಡೇ ಲೋಟ ಇತ್ತು. ಚಹಾದ ಲೋಟ ಹಿಡಿದಾಗ ನನ್ನ ಹೆಬ್ಬೆರಳು ಉರಿಯಿತು. ಸಣ್ಣ ಗಾಯ, ಹೊಸದು."

ಬೇಗ ಬೇಗ ಓದಿದರೆ ಇದು ಅಜ್ಜಿಯ ದೆವ್ವದ ಕಥೆ. ಸತ್ತ ಅಜ್ಜಿ ಮೇಲೆ ಕೂತು ಅಡಕೆ ಕತ್ತರಿಸುತ್ತಿದ್ದಾಳೆ, ಮುಗೀತು. ಸದ್ದಿಗೂ ಬೀಗಕ್ಕೂ ಇದು ಸರಿಹೊಂದುತ್ತದೆ. ಆದರೆ ಎರಡೇ ಲೋಟ ಯಾಕೆ? ಹೆಬ್ಬೆರಳ ಗಾಯ ಎಲ್ಲಿಂದ?

ಈಗ ತಮ್ಮನ ಮೇಲೆ ಕಣ್ಣಿಡಿ. ಅವನು ಒಂದೂ ಮಾತಾಡಿಲ್ಲ. ಪಕ್ಕದಲ್ಲೇ ಮಲಗಿದ್ದ ಮಗನನ್ನು ಬಿಟ್ಟು 'ಯಾರ ಹತ್ರ ಮಾತಾಡ್ತಿದ್ದೆ' ಅಂತ ಆಯಿ ಯಾಕೆ ಕೇಳಬೇಕು? ಲೋಟ ಎರಡೇ. ಹಾಗಾದರೆ ಆ ಮನೆಯಲ್ಲಿ ತಮ್ಮ ಇದ್ದಾನಾ? ಅಥವಾ ಹೋಗಿರುವವನು ಅವನೂ ಹೌದಾ? ಈ ಓದಿಗೆ ಲೋಟ, ಪ್ರಶ್ನೆ, ಮೌನ ಎಲ್ಲ ಕೂಡಿಬರುತ್ತವೆ. ಮೇಲಿನ ಸದ್ದು ಮಾತ್ರ ಹೊರಗೆ ಉಳಿಯುತ್ತದೆ.

ಮೂರನೆಯದು ಹೆಬ್ಬೆರಳು. ಅಡಕತ್ತರಿ ಹಿಡಿದು ಗೊತ್ತಿದ್ದವರಿಗೆ ಗಾಯ ಎಲ್ಲಿ ಆಗುತ್ತದೆ ಅಂತ ಹೇಳಬೇಕಾಗಿಲ್ಲ. ಕಥೆ ಹೇಳುವವಳು 'ಬೀಗ ಹಾಕಿದ್ದೆವು' ಅಂದಳೇ ಹೊರತು ಕೀಲಿಕೈ ಯಾರ ಹತ್ತಿರ ಅಂತ ಹೇಳಲಿಲ್ಲ. ಮೇಲೆ ಕೂತಿದ್ದವಳು ಅವಳೇನಾ? ಹಾಗಾದರೆ ಕೆಳಗೆ ಮಲಗಿ ಸದ್ದು ಕೇಳಿದ್ದು ಯಾರು?

ನಾಲ್ಕನೆಯದೂ ಇದೆ, ಎಲ್ಲಕ್ಕಿಂತ ಸಪ್ಪೆಯದ್ದು. ತಮ್ಮ ಇನ್ನೂ ಎದ್ದಿಲ್ಲ, ಅದಕ್ಕೇ ಎರಡು ಲೋಟ. ಸದ್ದು ಇಲಿಯದ್ದು. ಗಾಯ ನಿನ್ನೆ ಮಜ್ಜಿಗೆಹುಲ್ಲು ಕೊಯ್ಯುವಾಗ ಆಗಿದ್ದು. ನ್ಯಾಯವಾಗಿ ಓದುವವರು ಇದನ್ನೂ ಕೊನೆ ತನಕ ಪಕ್ಕಕ್ಕೆ ಇಟ್ಟುಕೊಂಡಿರಬೇಕು.

ಯಾವುದು ಸರಿ ಅಂತ ಈ ಪ್ಯಾರಾದಿಂದ ಹೇಳಲು ಬರುವುದಿಲ್ಲ. ಬರಬಾರದು ಅಂತಲೇ ಬರೆದದ್ದು. ನಿಮ್ಮ ಕಾದಂಬರಿಯಲ್ಲೂ ಹೀಗೇ ಮಾಡಿ. ಒಂದು ವಿಚಿತ್ರ ಘಟನೆಗೆ ಎರಡು ಮೂರು ಕಾರಣ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಅದು ಯಾವ ಸುಳಿವನ್ನು ವಿವರಿಸುವುದಿಲ್ಲ ಅಂತ ಗುರುತು ಹಾಕಿ. ಮುಂದಿನ ಅಧ್ಯಾಯಗಳಲ್ಲಿ ಒಂದೊಂದೇ ಬಿದ್ದುಹೋಗುತ್ತದೆ. ಕೆಲವು ಪುಸ್ತಕಗಳಲ್ಲಿ ಎರಡು ಕೊನೆ ತನಕ ನಿಂತೇ ಇರುತ್ತವೆ.

ಹಾಗೆ ನಿಲ್ಲುವುದಕ್ಕೆ ಪಂಡಿತರೂ ಬೆಲೆ ಕೊಟ್ಟಿದ್ದಾರೆ. ತ್ಸ್ವೆತಾನ್ ತೊದೊರೊವ್ ಎಂಬ ವಿಮರ್ಶಕ 1970ರಲ್ಲಿ ಇಂಥ ಕಥೆಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಇದು ನಿಜವಾಗಿ ದೆವ್ವವಾ, ಇಲ್ಲ ಇದಕ್ಕೆ ಲೋಕದ ಕಾರಣ ಇದೆಯಾ ಅಂತ ಓದುವವರು ಅತ್ತಿತ್ತ ತೂಗಾಡುತ್ತಿರುವಷ್ಟು ಹೊತ್ತು ಮಾತ್ರ ಕಥೆಗೆ ಆ ವಿಚಿತ್ರ ಗುಣ ಇರುತ್ತದೆ ಅಂದ. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ 'ದಿ ಟರ್ನ್ ಆಫ್ ದಿ ಸ್ಕ್ರೂ' ಇದಕ್ಕೆ ದೊಡ್ಡ ಉದಾಹರಣೆ. ದೊಡ್ಡ ಮನೆ, ಇಬ್ಬರು ಮಕ್ಕಳು, ಅವರನ್ನು ನೋಡಿಕೊಳ್ಳಲು ಬಂದ ಹೆಂಗಸು, ಅವಳಿಗೆ ಕಾಣುವ ಸತ್ತವರು. ದೆವ್ವ ಇದ್ದದ್ದು ಮನೆಯಲ್ಲಲ್ಲ, ಅವಳ ತಲೆಯಲ್ಲಿ ಅಂತ ವಿಮರ್ಶಕ ಎಡ್ಮಂಡ್ ವಿಲ್ಸನ್ 1934ರಲ್ಲಿ ವಾದ ಮಾಡಿದ. ಆ ಜಗಳ ಇನ್ನೂ ಮುಗಿದಿಲ್ಲ. ನಿಮಗೆ ಅರ್ಥ ಆಗದಿದ್ದರೆ ನೀವು ದಡ್ಡರು ಅಂತ ಅಲ್ಲ, ಅಲ್ವಾ?

ಹಂತ 7: ಪುಸ್ತಕದ ತಪ್ಪೋ, ತಂತ್ರವೋ?

ಪುಸ್ತಕವೇ ಕೆಟ್ಟದಾಗಿ ಬರೆದದ್ದಾದರೆ? ಅದೂ ಇರುತ್ತದೆ. 'ಇದು ಗಹನವಾಗಿದೆ' ಅಂತ ಹೊಗಳುವ ಮೊದಲು ಪರೀಕ್ಷೆ ಮಾಡಿ.

ವಿಚಿತ್ರ ಸಂಗತಿಯನ್ನು ಪಾತ್ರಗಳೂ ಗಮನಿಸುತ್ತಿವೆಯೇ ನೋಡಿ. ಹೆಸರು ಬದಲಾದಾಗ ಯಾರಾದರೂ ಹುಬ್ಬು ಏರಿಸಿದರೆ, ಅಥವಾ ಎಲ್ಲರೂ ಬೇಕಂತಲೇ ಸುಮ್ಮನಿದ್ದರೆ ಅದು ತಂತ್ರ. ಅದೇ ಸಂಗತಿ ಮೂರನೇ ಸಲ ಬಂದರೆ ಖಂಡಿತ ತಂತ್ರ. ಎರಡನೇ ಅಧ್ಯಾಯದಲ್ಲಿ ಬಂದ ನಾಯಿ ಮತ್ತೆಲ್ಲೂ ಇಲ್ಲ, ಸತ್ತಿತು ಅಂತಲೂ ಇಲ್ಲ ಅಂದರೆ ಬರೆದವರು ಮರೆತಿರಬಹುದು. ಅನುವಾದದ ಪುಸ್ತಕವಾದರೆ ಇನ್ನೊಂದು ತೊಡಕು ಇದೆ. ಇಂಗ್ಲಿಷಿನ 'ಕಸಿನ್' ಒಂದೇ ಪದ. ನಮ್ಮಲ್ಲಿ ಚಿಕ್ಕಪ್ಪನ ಮಗನೋ, ಸೋದರಮಾವನ ಮಗನೋ ಅಂತ ಅನುವಾದಕರು ಆರಿಸಲೇಬೇಕು. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಬಂದರೆ ಅದು ದೆವ್ವದ ಕೈವಾಡ ಅಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: 'ಎಲ್ಲ ಕನಸು' ಅಂತ ಕೊನೆಯ ಪುಟದಲ್ಲಿ ಹೇಳುವ ಪುಸ್ತಕಕ್ಕೆ ಕ್ಷಮೆ ಇಲ್ಲ. ಅಲ್ಲಿಯ ತನಕ ಜೋಡಿಸಿದ ಸುಳಿವೆಲ್ಲ ನೀರುಪಾಲು.

ಹಂತ 8: ಹೆದರಿಕೆ ಜಾಸ್ತಿಯಾದರೆ

ಮಾಮೂಲಿ ಹೆದರಿಕೆಗೆ ಮದ್ದು ಸುಲಭ. ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಬೇಡಿ, ಅಲ್ಲೇ ಕೊಕ್ಕೆ ಹಾಕಿರುತ್ತಾರೆ. ಮುಂದಿನ ಅಧ್ಯಾಯದ ಎರಡು ಪುಟ ಓದಿ, ಬಿಸಿ ಸ್ವಲ್ಪ ಇಳಿದ ಮೇಲೆ ಮುಚ್ಚಿ. ಮಲಗುವ ಮುಂಚೆ ಬೇರೆ ಏನಾದರೂ ಓದಿ.

ಆದರೆ ಹದಿಹರೆಯದವರ ಹಾರರ್‌ನಲ್ಲಿ ದೆವ್ವದ ಹಿಂದೆ ಹೆಚ್ಚಾಗಿ ನಿಜವಾದ ನೋವು ಇರುತ್ತದೆ. ಮನೆಯಲ್ಲಿ ಸಾವು, ಶಾಲೆಯಲ್ಲಿ ಕಿರುಕುಳ, ತನಗೆ ತಾನೇ ಗಾಯ ಮಾಡಿಕೊಳ್ಳುವುದು. ಓದುತ್ತಾ ಹೆದರಿಕೆಗಿಂತ ಸಂಕಟ ಜಾಸ್ತಿ ಆದರೆ, ನಿದ್ದೆ ಬಾರದಿದ್ದರೆ, ಪುಸ್ತಕ ಅಲ್ಲಿಗೇ ಬಿಡಿ. ಮನೆಯಲ್ಲಿ ನಂಬಿಕೆ ಇರುವ ದೊಡ್ಡವರಿಗೆ ಹೇಳಿ. ಹೇಳಲು ಯಾರೂ ಇಲ್ಲ ಅನ್ನಿಸಿದರೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ರಾತ್ರಿ ಹಗಲು ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಂತ 9: ಮುಗಿದ ಮೇಲೆ

ಕೊನೆಯ ಪುಟ ಮುಗಿದ ಕೂಡಲೇ ಮೊದಲ ಅಧ್ಯಾಯಕ್ಕೆ ಹೋಗಿ. ಇಡೀ ಪುಸ್ತಕ ಬೇಡ, ಮೊದಲ ಅಧ್ಯಾಯ ಮಾತ್ರ. ಮೊದಲ ಸಲ ಕಣ್ಣಿಗೇ ಬೀಳದ ಸಾಲುಗಳು ಈಗ ಎದ್ದು ಕಾಣುತ್ತವೆ. ಅಣ್ಣನ ಮಗಳಿಗೆ ಸತ್ತಿದ್ದು ಯಾರು ಅಂತ ಸಿಕ್ಕಿದ್ದು ಹೀಗೇ. ಮೊದಲ ಪುಟದಲ್ಲೇ ಊಟದ ತಟ್ಟೆಗಳ ಲೆಕ್ಕ ಇತ್ತು. "ಅತ್ತೆ, ಅಲ್ಲೇ ಇತ್ತು! ಮೋಸ ಇದು" ಅಂತ ಕೂಗಿದಳು.

ಆಮೇಲೆ ಒಬ್ಬ ಗೆಳೆಯನಿಗೋ ಗೆಳತಿಗೋ ಪುಸ್ತಕ ಕೊಟ್ಟು ಇಬ್ಬರೂ ಸೇರಿ ಜಗಳ ಮಾಡಿ. ಕಾರವಾರದವರಾದರೆ ಸಂಜೆ ಟಾಗೋರ್ ಕಡಲತೀರಕ್ಕೆ ಹೋಗಿ ಕೂತು ಮಾಡಬಹುದು. ಒಂದು ಕ್ರಮ ಇರಲಿ: ಮಾತು ಶುರು ಮಾಡುವ ಮೊದಲು ಇಬ್ಬರೂ ತಮ್ಮ ತಮ್ಮ ಉತ್ತರವನ್ನು ಚೀಟಿಯಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಜೋರು ಮಾತಾಡುವವರ ಉತ್ತರವೇ ಇಬ್ಬರದ್ದೂ ಆಗಿಬಿಡುತ್ತದೆ. 'ನನಗೆ ಹಾಗನ್ನಿಸ್ತು' ಅಂದರೆ ಸಾಲದು, ಪುಟ ತೋರಿಸಬೇಕು.

ಮುಂದೆ ಏನು ಓದಲಿ ಅನ್ನುವವರಿಗೆ: 'ಡ್ರಾಕುಲಾ', 'ಫ್ರಾಂಕೆನ್‌ಸ್ಟೈನ್', ಜೇಮ್ಸ್‌ನ ಕಥೆ, ಮೂರೂ ಕಾಪಿರೈಟ್ ಮುಗಿದ ಪುಸ್ತಕಗಳು. ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಪುಕ್ಕಟೆ ಸಿಗುತ್ತವೆ. 'ಡ್ರಾಕುಲಾ'ದಿಂದ ಶುರು ಮಾಡಿ. ಹೆಚ್ಚುಕಮ್ಮಿ ಪ್ರತಿ ತುಣುಕಿಗೂ ತಾರೀಕು, ಹೆಸರು ಇರುವುದರಿಂದ ಹಂತ 2, 3ನ್ನು ಅಭ್ಯಾಸ ಮಾಡಲು ಅನುಕೂಲ. ಜೇಮ್ಸ್‌ನನ್ನು ಕೊನೆಗೆ ಇಟ್ಟುಕೊಳ್ಳಿ, ಅವನ ವಾಕ್ಯಗಳು ದೇವಿಮನೆ ಘಟ್ಟಕ್ಕಿಂತ ಸುತ್ತು.

ಪುಸ್ತಕ ಲೈಬ್ರರಿಯದ್ದಾಗಿದ್ದರೆ ಪೆನ್ಸಿಲ್ ಚುಕ್ಕೆಗಳನ್ನು ಅಳಿಸಿ, ನಕ್ಷೆಯ ಹಾಳೆ ತೆಗೆದುಕೊಂಡು ವಾಪಸು ಕೊಡಿ. ಮುಂದೆ ಓದುವವರಿಗೆ ಸುಳಿವು ಎಲ್ಲಿದೆ ಅಂತ ನಿಮ್ಮ ಚುಕ್ಕೆ ನೋಡಿ ಗೊತ್ತಾಗಬಾರದು.